ಆ್ಯಪ್‌ನಲ್ಲಿ ಕಲಿತ ಸ್ಪ್ಯಾನಿಷ್ ಸಾಂತೊ ದೊಮಿಂಗೊದಲ್ಲಿ ಸಾಕಾಗುತ್ತಾ?

ಆರು ತಿಂಗಳು ಆ್ಯಪ್‌ನಲ್ಲಿ ಸ್ಪ್ಯಾನಿಷ್ ಕಲಿತಿದ್ದೀರಿ, ಡೊಮಿನಿಕನ್ ಜನ ಮಾತಾಡುವ ವಿಡಿಯೊ ಹಾಕಿದರೆ ಒಂದು ಪದವೂ ಗೊತ್ತಾಗುತ್ತಿಲ್ಲ, ಎರಡು ತಿಂಗಳಲ್ಲಿ ಡೊಮಿನಿಕನ್ ಗಣರಾಜ್ಯದ ರಾಜಧಾನಿ ಸಾಂತೊ ದೊಮಿಂಗೊಗೆ ಹೊರಡಬೇಕು ಅಂತ ಬರೆದಿದ್ದೀರಿ. ಹೊಸ ಪದಗಳ ಪಟ್ಟಿ ಹಿಡಿದು ಕೂರಬೇಡಿ. ನಿಮಗೆ ಪದ ಗೊತ್ತಿದೆ, ಅದು ಅಲ್ಲಿ ಯಾವ ರೂಪದಲ್ಲಿ ಬಾಯಿಂದ ಬರುತ್ತದೆ ಅನ್ನುವುದು ಗೊತ್ತಿಲ್ಲ, ಅಷ್ಟೆ.

ಮುಖ್ಯ ಕಾರಣ 'ಸ್'. ಪದದ ಕೊನೆಯಲ್ಲಿ, ವ್ಯಂಜನದ ಮುಂದೆ ಅದು ಉದುರಿಹೋಗುತ್ತದೆ. 'ಮಾಸ್ ಒ ಮೆನೊಸ್' ಅನ್ನುವುದು 'ಮಾ ಒ ಮೆನೊ'. ಜೊತೆಗೆ 'ಆದೊ' ಎಂಬ ಕೊನೆ 'ಆವೊ' ಆಗುತ್ತದೆ. ಹಾಗಾಗಿ ಮೀನು, ಅಂದರೆ 'ಪೆಸ್ಕಾದೊ', ನಿಮ್ಮ ಕಿವಿಗೆ ಬೀಳುವುದು 'ಪೆಕಾವೊ' ಅಂತ. ಇದರಿಂದ ಬಹುವಚನವೇ ಮಾಯ: 'ಲಾ ಕಾಸಾ' ಒಂದು ಮನೆ, 'ಲಾಸ್ ಕಾಸಾಸ್' ಹಲವು ಮನೆ, ಕೇಳುವಾಗ ಎರಡೂ ಹೆಚ್ಚುಕಡಿಮೆ 'ಲಾ ಕಾಸಾ'. ನಾಮಪದ ಬಿಡಿ, ಕ್ರಿಯಾಪದ ಹಿಡಿಯಿರಿ. ಮುಂದೆ 'ಎ' (ಅಂದರೆ 'ಸ್' ಉದುರಿದ 'ಎಸ್') ಬಂದರೆ ಒಂದು, 'ಸೊನ್' ಬಂದರೆ ಹಲವು. ಪ್ರಶ್ನೆಗಳಲ್ಲಿ 'ತು' (ನೀನು) ಕ್ರಿಯಾಪದದ ಮುಂದೆ ಬಂದು ಕೂರುವುದೂ ಅಲ್ಲಿನ ರೀತಿ. 'ಕೋಮೊ ಎಸ್ತಾಸ್' (ಹೇಗಿದ್ದೀಯ) ಎಂದು ಕಲಿತದ್ದು 'ಕೋಮೊ ತು ತಾ' ಆಗಿರುತ್ತದೆ.

ಇನ್ನೊಂದು, 'ರ್'. ಬಾಗಿಲು 'ಪ್ವೆರ್ತಾ' ರಾಜಧಾನಿಯಲ್ಲಿ 'ಪ್ವೆಲ್ತಾ', ಉತ್ತರದ ಸಿಬಾವೊ ಕಡೆ, ಅಂದರೆ ಸಾಂತಿಯಾಗೊ ಸುತ್ತಮುತ್ತ, 'ಪ್ವೆಯ್ತಾ'.

ಅಭ್ಯಾಸ ಹೀಗೆ ಮಾಡಿ: ದಿನಕ್ಕೆ ಒಂದೇ ನಿಮಿಷದ ತುಣುಕು. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯಿರಿ, ಆಮೇಲೆ ಬಿಟ್ಟುಹೋದ 'ಸ್'ಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿ, ಮತ್ತೆ ಕೇಳಿ. ಸಿನಿಮಾ ಪೂರ್ತಿ ನೋಡುವುದಕ್ಕಿಂತ ಇದು ಬೇಗ ಕಿವಿ ತೆರೆಸುತ್ತದೆ. ನೀವು ಮಾತಾಡುವಾಗ ಮಾತ್ರ 'ಸ್' ನುಂಗಬೇಡಿ. ಪೂರ್ತಿ ಉಚ್ಚರಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಇಲ್ಲದ ಕಡೆ 'ಸ್' ಸೇರಿಸುವುದೂ ಬೇಡ. ಅದಕ್ಕೆ ಅಲ್ಲಿನವರು 'ಆಬ್ಲಾರ್ ಫಿಸ್ನೊ' ಎಂದು ತಮಾಷೆ ಮಾಡುತ್ತಾರೆ. 'ಫಿನೊ' ಅಂದರೆ ನಯ, ಅದರೊಳಗೆ ಬೇಡದ ಒಂದು 'ಸ್'.

ಪದಗಳಲ್ಲಿ ಕೆಲವು ಮೊದಲ ದಿನವೇ ಬೇಕಾಗುತ್ತವೆ. ಬಸ್ಸು 'ಗ್ವಾಗ್ವಾ', ಶೇರ್ ಟ್ಯಾಕ್ಸಿ 'ಕೊಂಚೊ', ಬೀದಿ ಮೂಲೆಯ ಅಂಗಡಿ 'ಕೊಲ್ಮಾದೊ'. ಅಂಗಡಿಯಲ್ಲಿ ತೂಕ ಹೇಳಲೇಬೇಕೆಂದಿಲ್ಲ, ಐವತ್ತು ಪೆಸೊದ ಚೀಸ್ ಕೊಡಿ ಅಂದರೂ ಕತ್ತರಿಸಿ ಕೊಡುತ್ತಾರೆ. ಸ್ವಲ್ಪ ಅನ್ನುವುದಕ್ಕೆ 'ಉನ್ ಚಿನ್'. ಸಿಹಿ ಕಿತ್ತಳೆ 'ಚಿನಾ', ಪಪ್ಪಾಯಿ 'ಲೆಚೋಸಾ', ಬಾಳೆಹಣ್ಣು 'ಗಿನೇಯೊ'. 'ಪ್ಲಾತಾನೊ' ಕೇಳಿದರೆ ಬೇಯಿಸಿ ತಿನ್ನುವ ಬಾಳೆ ಕೊಡುತ್ತಾರೆ.

'ಆವೊರೀತಾ' ಪದದ ಬಗ್ಗೆ ಹುಷಾರಾಗಿರಿ. ಮೆಕ್ಸಿಕೊ ಸ್ಪ್ಯಾನಿಷ್ ಕಲಿಸುವ ಪಾಠಗಳಲ್ಲಿ ಅದಕ್ಕೆ 'ಈಗಲೇ' ಎಂಬ ಅರ್ಥ ಕೊಟ್ಟಿರುತ್ತಾರೆ. ಸಾಂತೊ ದೊಮಿಂಗೊದಲ್ಲಿ ಅದು 'ಆಮೇಲೆ'. ಪ್ಲಂಬರ್ 'ಆವೊರೀತಾ' ಬರುತ್ತೇನೆ ಅಂದರೆ ಬಾಗಿಲಲ್ಲಿ ಕಾಯಬೇಡಿ, ಎಷ್ಟು ಗಂಟೆಗೆ ಅಂತ ಆಗಲೇ ಕೇಳಿಬಿಡಿ: 'ಆ ಕೆ ಓರಾ?'