ಓದುಗರ ಪ್ರಶ್ನೆ: ಮರ ಹತ್ತುವ ಬೂದು ನರಿ

ಪ್ರಶ್ನೆ: ಅಮೆರಿಕದ ಬೂದು ನರಿ ಮರ ಹತ್ತುತ್ತದಂತೆ. ನಾಯಿ ಕುಟುಂಬದ ಪ್ರಾಣಿಗೆ ಇದು ಹೇಗೆ ಸಾಧ್ಯ?

ಉತ್ತರ: ಗುಟ್ಟಿರುವುದು ಮುಂಗಾಲಿನಲ್ಲಿ. ನಾಯಿ, ತೋಳಗಳ ಮುಂಗೈ ಮೂಳೆಗಳು ಹೆಚ್ಚು ತಿರುಗುವುದಿಲ್ಲ. ಓಟಕ್ಕೆ ಅದೇ ಅನುಕೂಲ. ಬೂದು ನರಿಯ ಮುಂಗೈ ಒಳಮುಖವಾಗಿ ಹೊರಳುವುದರಿಂದ ಅದು ಕಾಂಡವನ್ನು ತಬ್ಬಿಕೊಳ್ಳಬಲ್ಲದು. ಬಾಗಿದ ಚೂಪು ಉಗುರುಗಳು ತೊಗಟೆಗೆ ಕಚ್ಚಿಕೊಳ್ಳುತ್ತವೆ, ಹಿಂಗಾಲು ದೇಹವನ್ನು ಮೇಲಕ್ಕೆ ತಳ್ಳುತ್ತದೆ. ನೆಟ್ಟಗಿನ ಮರದಿಂದ ಹಿಮ್ಮುಖವಾಗಿ ಇಳಿಯುತ್ತದೆ. ಕಾಂಡ ವಾಲಿದ್ದರೆ ತಲೆ ಮುಂದಾಗಿ ಓಡಿಯೇ ಬರುತ್ತದೆ. ಕಯೋಟಿಯಿಂದ (ತೋಳವನ್ನು ಹೋಲುವ ಅಮೆರಿಕದ ಕಾಡುಪ್ರಾಣಿ) ಪಾರಾಗಲು, ಹಣ್ಣು ತಿನ್ನಲು, ಸುಮ್ಮನೆ ಮಲಗಲು ಕೂಡ ಮರವೇ ಬೇಕು. ಪೊಟರೆಯಲ್ಲಿ ಮರಿ ಹಾಕುವುದೂ ಉಂಟು.

ಪ್ರಶ್ನೆ: ಚಿತ್ರದಲ್ಲಿ ಕೆಂಪು ನರಿಯಿಂದ ಬೇರೆ ಮಾಡುವುದು ಹೇಗೆ?

ಉತ್ತರ: ಮೈಬಣ್ಣ ನಂಬಬೇಡಿ. ಬೂದು ನರಿಯ ಕತ್ತು, ಕಿವಿ, ಕಾಲುಗಳಲ್ಲಿ ಕೆಂಪು ಛಾಯೆ ಧಾರಾಳವಾಗಿರುತ್ತದೆ. ಕೆಂಪು ನರಿಗಳಲ್ಲಿ ಬೆಳ್ಳಿ-ಕಪ್ಪು ಬಣ್ಣದವೂ ಇವೆ. ಎಡವುವುದು ಇಲ್ಲೇ. ಬಾಲ ನೋಡಿ: ಬೂದು ನರಿಗೆ ಬಾಲದ ಮೇಲ್ಭಾಗದುದ್ದಕ್ಕೂ ಕಪ್ಪು ಪಟ್ಟೆ, ತುದಿಯೂ ಕಪ್ಪು. ಕೆಂಪು ನರಿಯ ಬಾಲದ ತುದಿ ಸಾಮಾನ್ಯವಾಗಿ ಬಿಳಿ, ಕಾಲಿಗೆ ಕಪ್ಪು ಕಾಲುಚೀಲ. ಕಣ್ಣು ಹತ್ತಿರದಿಂದ ಕಂಡರೆ ಇನ್ನೊಂದು ಸುಳಿವು: ಕೆಂಪು ನರಿಯ ಪಾಪೆ ಬೆಕ್ಕಿನಂತೆ ಸೀಳು, ಬೂದು ನರಿಯದು ಅಂಡಾಕಾರ.

ಪ್ರಶ್ನೆ: ಹಗಲಲ್ಲಿ ತಿರುಗುವ ನರಿಗೆ ಹುಚ್ಚು ಹಿಡಿದಿರುತ್ತದೆಯೇ?

ಉತ್ತರ: ಹಗಲೋಡಾಟ ಮಾತ್ರವೇ ರೋಗಲಕ್ಷಣವಲ್ಲ, ಮರಿಗಳಿರುವಾಗ ಅದು ಸಹಜ. ತೂರಾಡುವುದು, ಮನುಷ್ಯರ ಭಯವಿಲ್ಲದಿರುವುದು, ಕಣ್ಣು-ಮೂಗು ಸೋರುವುದು ಕಂಡರೆ ದೂರವಿದ್ದು ವನ್ಯಜೀವಿ ಅಧಿಕಾರಿಗಳಿಗೆ ತಿಳಿಸಿ. ಬೂದು ನರಿಗಳನ್ನು ಬಹಳವಾಗಿ ಕಾಡುವ ಡಿಸ್ಟೆಂಪರ್ ಎಂಬ, ನಾಯಿಗಳಿಗೂ ಬರುವ ವೈರಸ್ ರೋಗವೂ ರೇಬೀಸ್‌ನಂತೆಯೇ ಕಾಣುತ್ತದೆ. ನೋಟದಿಂದ ನಿರ್ಧರಿಸಲಾಗದು, ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.