ಚೊಚ್ಚಲ ಹೆರಿಗೆಯಲ್ಲಿ ನೋವು ಬಂದು ಬಂದು ನಿಂತರೆ ಇಂಜೆಕ್ಷನ್ ಹಾಕಿಸಬಹುದೇ?

ತಂಗಿಗೆ ಚೊಚ್ಚಲ ಹೆರಿಗೆ, ಊರು ಪಾವಗಡದ ಕಡೆ, ನೋವು ಸಾಲದಿದ್ದರೆ ಹತ್ತಿರದಲ್ಲೇ ನೋವು ಬರಿಸುವ ಇಂಜೆಕ್ಷನ್ ಹಾಕಿಸಿ ತುಮಕೂರಿಗೆ ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ಬೇಡವೇ ಬೇಡ. ಆ ಇಂಜೆಕ್ಷನ್‌ನಲ್ಲಿರುವ ಔಷಧಿ ಆಕ್ಸಿಟೋಸಿನ್; ಸೊಂಟಕ್ಕೆ ಚುಚ್ಚಿದ ಮೇಲೆ ವಾಪಸ್ ತೆಗೆಯಲಾಗದು. ಆಸ್ಪತ್ರೆಯಲ್ಲಿ ಅದನ್ನೇ, ಉದಾಹರಣೆಗೆ 5 ಯೂನಿಟ್, 500 ಮಿ.ಲೀ. ಡ್ರಿಪ್‌ಗೆ ಬೆರೆಸಿ, ಹನಿ ಎಣಿಸಿ, ಅರ್ಧ ಗಂಟೆಗೊಮ್ಮೆ ಏರಿಸುತ್ತಾರೆ; ಹೆಚ್ಚಾಯಿತು ಅನ್ನಿಸಿದರೆ ತಕ್ಷಣ ನಿಲ್ಲಿಸುತ್ತಾರೆ. ಮಾಂಸಖಂಡಕ್ಕೆ 10 ಯೂನಿಟ್ ಚುಚ್ಚುವುದು ಮಗು ಹೊರಬಂದ ಮೇಲೆ, ರಕ್ತಸ್ರಾವ ತಡೆಯಲು.

ನೋವನ್ನು ಅಳೆಯುವುದು ಸುಲಭ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಗಡಿಯಾರ ನೋಡಿ. 10 ನಿಮಿಷಕ್ಕೆ 3ರಿಂದ 5 ಸಲ, ಪ್ರತಿ ಸಲ 40–60 ಸೆಕೆಂಡ್ ಗಟ್ಟಿಯಾಗಿ, ನಡುವೆ ಪೂರ್ತಿ ಮೆತ್ತಗಾದರೆ ಅದು ಒಳ್ಳೆಯ ನೋವು. ಆ ಮೆತ್ತಗಾಗುವ ಹೊತ್ತಿನಲ್ಲೇ ಮಗುವಿಗೆ ಸರಿಯಾಗಿ ರಕ್ತ ಸಿಗುವುದು. 5ಕ್ಕಿಂತ ಹೆಚ್ಚು ಸಲ ಬಂದು ಮಗುವಿನ ಎದೆಬಡಿತ ನಿಮಿಷಕ್ಕೆ 110ಕ್ಕಿಂತ ಇಳಿದರೆ ಆಸ್ಪತ್ರೆಯಲ್ಲಿ ಡ್ರಿಪ್ ನಿಲ್ಲಿಸಿ, ಎಡಮಗ್ಗುಲಿಗೆ ಮಲಗಿಸಿ, ಗರ್ಭಕೋಶವನ್ನು ಸಡಿಲಿಸುವ ಔಷಧಿ ಟರ್ಬುಟಲಿನ್ 0.25 ಮಿ.ಗ್ರಾಂ. ಚರ್ಮದಡಿ ಕೊಡುವುದುಂಟು.

ನೋವು ಕಡಿಮೆಯಾದರೆ ಮೊದಲು ಮೂತ್ರ ಕಟ್ಟಿದೆಯೇ ನೋಡಬೇಕು. ಎರಡು ಗಂಟೆಗೊಮ್ಮೆ ಹೋಗಿಸಿ, ನೀರು ಕುಡಿಸಿ, ಓಡಾಡಿಸಿ. ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆಯುವವರೆಗೆ ನಿಧಾನ ಸಹಜ. ಚೊಚ್ಚಲಿಗೆ ಇಡೀ ರಾತ್ರಿಯೇ ಹಿಡಿಯಬಹುದು, ಗಾಬರಿ ಬೇಡ.

ಜನ ತಿಳಿಯದ ವಿಷಯ ಬೇರೆಯೇ ಇದೆ. ಎಷ್ಟೋ ಸಲ ನೋವು ಸಾಲದೆ ಮಗು ನಿಂತಿರುವುದಿಲ್ಲ, ಮಗು ಸಿಕ್ಕಿಕೊಂಡಿದ್ದರಿಂದ ನೋವು ಸೋತಿರುತ್ತದೆ. ಚೊಚ್ಚಲಿನಲ್ಲಿ ಗರ್ಭಕೋಶ ದಣಿದು ಸುಮ್ಮನಾಗುತ್ತದೆ. ಎರಡು ಮೂರು ಹೆತ್ತವಳಲ್ಲಿ ಅದು ಸೋಲದೆ ಇನ್ನೂ ಜೋರಾಗಿ ಒತ್ತಿ ಒಡೆದುಹೋಗಬಹುದು. ಅದಕ್ಕೇ ತಲೆ ಇಳಿಯುತ್ತಿದೆಯೇ ಎಂದು ಒಳಪರೀಕ್ಷೆ ಮಾಡದೆ ಡ್ರಿಪ್ ಹಾಕಬಾರದು.

6 ಸೆಂ.ಮೀ. ಆಗಿ, ನೀರು ಒಡೆದು, ಒಳ್ಳೆಯ ನೋವಿನಲ್ಲಿ 4 ಗಂಟೆ, ಇಲ್ಲವೇ ಡ್ರಿಪ್ ಇದ್ದೂ ನೋವು ಸಾಲದೆ 6 ಗಂಟೆ ಬಾಯಿ ತೆರೆಯದಿದ್ದರೆ ಸಿಸೇರಿಯನ್. ಬಾಯಿ ಪೂರ್ತಿ ತೆರೆದು ತಲೆ ಸಾಕಷ್ಟು ಇಳಿದಿದ್ದರೆ ಮಾತ್ರ ವ್ಯಾಕ್ಯೂಮ್, ಅಂದರೆ ತಲೆಗೆ ಬಟ್ಟಲು ಅಂಟಿಸಿ ಮಗುವನ್ನು ಎಳೆಯುವುದು.

ಪಾವಗಡದಿಂದ ತುಮಕೂರು ಸುಮಾರು 100 ಕಿ.ಮೀ. ನೋವು ಐದೈದು ನಿಮಿಷಕ್ಕೆ ಬರುವವರೆಗೆ ಕಾಯುವ ಸಲಹೆ ಪಟ್ಟಣದವರಿಗೆ. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಅರಿವಳಿಕೆ ವೈದ್ಯರು, ರಕ್ತ ಸಿಗುತ್ತದೆಯೇ ಎಂದು ಈ ವಾರವೇ ಆಶಾ ಕಾರ್ಯಕರ್ತೆಯನ್ನು ಕೇಳಿಡಿ. ಹಸಿರು ನೀರು, ರಕ್ತ, ಮಗುವಿನ ಅಲುಗಾಟ ಕಮ್ಮಿ — ಇವುಗಳಲ್ಲಿ ಒಂದು ಕಂಡರೂ ತಾಯಿ ಕಾರ್ಡ್ ಹಿಡಿದು 108ಕ್ಕೆ ಕರೆ ಮಾಡಿ.