ಹುಟ್ಟಿನಿಂದ ಬಂದ ರೋಗನಿರೋಧಕ ಜೀನ್‌ಗಳು ಅಂಡಾಶಯದ ಕ್ಯಾನ್ಸರ್ ರೋಗಿಯ ಆಯುಸ್ಸನ್ನು ನಿರ್ಧರಿಸುತ್ತವೆಯೇ?

ಪ್ರಭಾವ ಬೀರಬಲ್ಲವು, ನಿರ್ಧರಿಸುವುದಿಲ್ಲ. ಇಂಥ ಒಂದೊಂದು ಜೀನ್ ವ್ಯತ್ಯಾಸದ ಪರಿಣಾಮವೂ ಚಿಕ್ಕದು. ರೋಗ ಯಾವ ಹಂತದಲ್ಲಿ ಪತ್ತೆಯಾಯಿತು, ಶಸ್ತ್ರಚಿಕಿತ್ಸೆಯ ನಂತರ ಗೆಡ್ಡೆ ಎಷ್ಟು ಉಳಿಯಿತು ಎಂಬುದೇ ಹೆಚ್ಚು ಮುಖ್ಯ.

ಆದರೂ ಈ ಜೀನ್‌ಗಳಿಗೆ ಮಹತ್ವ ಬಂದದ್ದು ಸುಮ್ಮನೆ ಅಲ್ಲ. ರೋಗನಿರೋಧಕ ಪಡೆಯ ಟಿ ಕೋಶಗಳು ಗೆಡ್ಡೆಯ ಒಳಕ್ಕೇ ನುಗ್ಗಿದ್ದರೆ ರೋಗಿ ಹೆಚ್ಚು ಕಾಲ ಬದುಕುವ ಸಂಭವವಿದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗ ಮುಂದುವರಿದಿದ್ದ ಮಹಿಳೆಯರ ಪೈಕಿ ಗೆಡ್ಡೆಯಲ್ಲಿ ಟಿ ಕೋಶಗಳಿದ್ದವರಲ್ಲಿ ಶೇ. 38ರಷ್ಟು ಮಂದಿ ಐದು ವರ್ಷ ಬದುಕಿದ್ದರು. ಇಲ್ಲದವರಲ್ಲಿ ಕೇವಲ ಶೇ. 4.5.

ಆ ಕೋಶಗಳನ್ನು ಕರೆಯುವ, ತಡೆಯುವ ಸಂದೇಶ ಪ್ರೋಟೀನ್‌ಗಳು ಸೈಟೊಕೈನ್‌ಗಳು. ಅವು ಎಷ್ಟು ತಯಾರಾಗಬೇಕು, ಕೋಶಗಳು ಅವಕ್ಕೆ ಎಷ್ಟು ಚುರುಕಾಗಿ ಸ್ಪಂದಿಸಬೇಕು ಎಂಬುದನ್ನು ಆನುವಂಶಿಕ ವ್ಯತ್ಯಾಸಗಳು ತುಸು ಏರುಪೇರು ಮಾಡುತ್ತವೆ. ತೊಡಕಿರುವುದು ಇಲ್ಲೇ: ಸೈಟೊಕೈನ್‌ಗಳು ಎಬ್ಬಿಸುವ ಉರಿಯೂತ ಎರಡಲಗಿನ ಕತ್ತಿ. ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್ ಸೋಂಕಿನ ವಿರುದ್ಧ ದೇಹಕ್ಕೆ ನೆರವಾಗುತ್ತದೆ. ಈ ಕ್ಯಾನ್ಸರ್‌ನಲ್ಲಿ ಹೊಟ್ಟೆಯಲ್ಲಿ ತುಂಬಿಕೊಳ್ಳುವ ದ್ರವದಲ್ಲಿ ಅದು ಹೇರಳವಾಗಿದ್ದು, ಕ್ಯಾನ್ಸರ್ ಕೋಶಗಳು ಬದುಕುಳಿಯಲು, ಗೆಡ್ಡೆಗೆ ಹೊಸ ರಕ್ತನಾಳ ಮೂಡಲು ಸಹಕರಿಸುತ್ತದೆ. ಹಾಗಾಗಿ ‘ಚುರುಕಾದ ಜೀನ್ ಒಳ್ಳೆಯದು’ ಎಂದು ಸಲೀಸಾಗಿ ಹೇಳುವಂತಿಲ್ಲ.

ಬಿಆರ್‌ಸಿಎ ಜೀನ್‌ಗಳದು ಬೇರೆಯೇ ಕಥೆ. ಅವು ಡಿಎನ್‌ಎ ದುರಸ್ತಿಯವು. ಅವುಗಳಲ್ಲಿ ದೋಷವಿದ್ದವರ ಗೆಡ್ಡೆಗಳು ಪ್ಲಾಟಿನಂ ಆಧಾರಿತ ಔಷಧಗಳ ಕಿಮೊಥೆರಪಿಗೆ ಸಾಮಾನ್ಯವಾಗಿ ಚೆನ್ನಾಗಿ ಬಗ್ಗುತ್ತವೆ. ಔಷಧದ ಆಯ್ಕೆಗೆ, ಕುಟುಂಬದವರಿಗಿರುವ ಅಪಾಯ ಅರಿಯಲು ವೈದ್ಯರು ಈ ಜೀನ್‌ಗಳ ಪರೀಕ್ಷೆ ಮಾಡಿಸುತ್ತಾರೆ, ಉರಿಯೂತದ ಜೀನ್‌ಗಳದ್ದನ್ನಲ್ಲ.